ಶುಕ್ರವಾರದ ಬಾಕಿ

ಲೇ ಮೂರನೇ ಬೆಲ್ಲೇ,

ಫೋನ್ ಮಾಡಿದರೆ ಎತ್ತಲ್ಲ. ಮೆಸೇಜ್ ಹಾಕಿದರೆ ಎರಡು ನೀಲಿ ಗೆರೆ ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಸಲ ಊರ ಮುಂದೆ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನೀನು ಮರ್ಯಾದೆಗಾದರೂ ಉತ್ತರ ಕೊಡುತ್ತೀಯ. ಒಂದನೇ ಇಯತ್ತೆಯಿಂದ ನಿನ್ನನ್ನು ಬಲ್ಲೆ. ಉಳಿದ ಓದುಗರಲ್ಲಿ ಒಂದು ವಿನಂತಿ: ಇವನು ಈಗ ಪುಣೆಯಲ್ಲಿ ದೊಡ್ಡ ಮನುಷ್ಯ, ಇವನ ಮಾನ ಕಾಪಾಡಿ. ಕುದುರೆಯ ವಿಷಯ ನಾನಂತೂ ಎತ್ತುವುದಿಲ್ಲ.

ಕಳೆದ ಭಾನುವಾರ ಟೀವಿಯಲ್ಲಿ ಪಂಚಾಕ್ಷರಿ ಗವಾಯಿಗಳ ಸಿನಿಮಾ ಹಾಕಿದ್ದರು. 1995ರದ್ದು, ಚಿಂದೋಡಿ ಬಂಗಾರೇಶ್ ಮಾಡಿದ್ದು. ನಮ್ಮ ಮನೆಯಲ್ಲಿ ಅದು ಸಿನಿಮಾ ಅಲ್ಲ, ಹಬ್ಬ. ಟೀವಿಯಲ್ಲಿ ಬರುತ್ತದೆ ಅಂತ ಗೊತ್ತಾದರೆ ಸಾಕು, ಅವ್ವ ಬೆಳಿಗ್ಗೆಯೇ ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಮೊಮ್ಮಗಳು ಕೈ ಹಾಕಿದರೆ ಮುಗಿಯಿತು. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ ಮುಗಿಸಿ ಎರಡೂವರೆಗೆ ಕೂತೆವು. ನಮ್ಮ ಬಾಗಲಕೋಟೆ ನವನಗರದ ಮನೆ ಗೊತ್ತಲ್ಲ. ಮುಂದಿನ ಕೋಣೆಯಲ್ಲಿ ಆರು ಜನ ಕೂತರೆ ಏಳನೆಯವನ ಮೊಣಕಾಲು ಬಾಗಿಲಾಚೆ. ಅವತ್ತು ಹನ್ನೊಂದು ಜನ ಇದ್ದೆವು. ಅವ್ವ, ನನ್ನ ಹೆಂಡತಿ, ಮಗಳು, ಎದುರು ಮನೆ ಆಯಿ, ಆಯಿಯ ಇಬ್ಬರು ಸೊಸೆಯರು, ಪಕ್ಕದ ಮನೆ ಕಾಕಾ, ಮೇಲಿನ ಬಾಡಿಗೆ ರೂಮಿನ ಎಂಜಿನಿಯರಿಂಗ್ ಹುಡುಗರಿಬ್ಬರು. ಹಾಲಿನ ಲೆಕ್ಕ ಕೇಳಲು ಬಂದ ಹಾಲಿನವ ಕ್ಯಾನು ಹೊರಗಿಟ್ಟು ಅಲ್ಲೇ ಕೂತುಬಿಟ್ಟ.

ಇಂಥ ಸಿನಿಮಾ ಹಾಕಿದಾಗ ಟೀವಿ ನೋಡುವುದಕ್ಕಿಂತ ನೋಡುವವರನ್ನು ನೋಡುವುದೇ ಜಾಸ್ತಿ ಮಜಾ, ಅಲ್ವಾ? ಆಯಿ ಬರುವಾಗಲೇ ಊದಿನಕಡ್ಡಿ ತಂದಿದ್ದಳು. ಟೀವಿ ಮುಂದೆ ಸಿಕ್ಕಿಸಲು ಜಾಗ ಸಿಗಲಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಪಕ್ಕ ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದಳು. ಹಾನಗಲ್ಲ ಕುಮಾರಸ್ವಾಮಿಗಳ ಪಾತ್ರ ಪರದೆಗೆ ಬಂದಾಗೆಲ್ಲ ಆಯಿ ಅರ್ಧ ಎದ್ದು ಕೈ ಮುಗಿಯುತ್ತಾಳೆ. ಪಾತ್ರ ಹೋಯಿತು ಅನ್ನುವಾಗ ಕೂರುತ್ತಾಳೆ, ಅಷ್ಟರಲ್ಲಿ ಮತ್ತೆ ಬರುತ್ತದೆ. ಮೊಣಕಾಲು ನೋವಿನ ಮುದುಕಿ. ಆ ಎರಡೂವರೆ ತಾಸಿನಲ್ಲಿ ಅವಳು ಹಾಕಿದಷ್ಟು ಬೈಠಕ್ ನಾವು ತಾಲೀಮು ಮನೆಯಲ್ಲೂ ಹಾಕಿರಲಿಲ್ಲ.

ಅವ್ವನಿಗೆ ಕಥೆಯ ಮೇಲೆ ಹಕ್ಕು ಜಾಸ್ತಿ. "ಶಿವಯೋಗಮಂದಿರ ಕಟ್ಟಿಸಿದವ್ರು ಇವರ, ನಮ್ಮ ಬದಾಮಿ ಕಡೆ" ಅಂತ ಹಾಲಿನವನಿಗೆ ವಿವರಿಸಿದಳು. 1909ರಲ್ಲಿ ಆ ಸಂಸ್ಥೆ ಶುರುವಾಗಿದ್ದು. ಮಲಪ್ರಭೆಯ ದಂಡೆ ಮೇಲೆ ನಾವು ಶಾಲೆಯಿಂದ ಟ್ರಿಪ್ ಹೋಗಿದ್ದೆವಲ್ಲ, ನೀನು ಚಪ್ಪಲಿ ಕಳೆದುಕೊಂಡ ಜಾಗ, ಅದೇ. ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಅಣ್ಣತಮ್ಮಂದಿರು, ಗುರುಬಸಯ್ಯ ಮತ್ತು ಗದಿಗೆಯ್ಯ, ಇಬ್ಬರೂ ಚೆನ್ನಾಗಿ ಹಾಡುತ್ತಿದ್ದರು. ಕುಮಾರಸ್ವಾಮಿಗಳು ಇಬ್ಬರನ್ನೂ ಕರೆದುಕೊಂಡು ಬಂದು ಸಾಕಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿ. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು, ಆಮೇಲೆ ಮಿರಜಿನ ನೀಲಕಂಠ ಬುವಾ ಅವರ ಹತ್ತಿರ ಹಿಂದೂಸ್ತಾನಿ. ಎರಡೂ ಕಲಿತು ಊರೂರು ತಿರುಗಿ ಹುಡುಗರಿಗೆ ಪಾಠ ಹೇಳಿದರು. ಕಣ್ಣಿಲ್ಲದವರು, ಬಡವರು, ಯಾರು ಬಂದರೂ ಸರಿ, ಊಟ ಹಾಕಿ ಕಲಿಸಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ಹೋದ ಮೇಲೆ ಮೂವತ್ತು ವರ್ಷದ ಶಿಷ್ಯ ಪುಟ್ಟರಾಜರು ಗಾದಿಗೆ ಬಂದರು, 2010ರವರೆಗೆ ನಡೆಸಿದರು. ಇದನ್ನೆಲ್ಲ ಅವ್ವ ಸಿನಿಮಾಕ್ಕಿಂತ ಐದು ನಿಮಿಷ ಮುಂದೆ ಹೇಳಿಬಿಡುತ್ತಾಳೆ. ನನ್ನ ಮಗಳು "ಅಜ್ಜಿ, ಸ್ಪಾಯ್ಲರ್ ಕೊಡಬೇಡ" ಅಂದಳು. ಅವ್ವ ಅದನ್ನು ಬೈಗುಳ ಅಂದುಕೊಂಡಳು.

ದೊಡ್ಡ ಜಗಳ ನಡೆದಿದ್ದು ಹಾಡಿನ ಹೊತ್ತಿಗೆ. ಆ ಮೋಡ ಗುಡುಗುವ ಹಾಡು, ಹಂಸಲೇಖ ಮಾಡಿದ್ದು, ಎಸ್‌ಪಿಬಿ ಹಾಡಿದ್ದು. ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಎಸ್‌ಪಿಬಿಗೆ ಬಂದ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡ ಸಿನಿಮಾದ್ದು ಅದೊಂದೇ. ಶಾಸ್ತ್ರೀಯ ಸಂಗೀತ ಕ್ರಮವಾಗಿ ಕಲಿತವನಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು, ಆದರೂ ಹಾಡಿದ್ದು ಆ ಹಾಡು. ಮೇಲಿನ ರೂಮಿನ ಹುಡುಗ ಸುಮ್ನೆ ಇರಲಾರದೆ "ಇದು ಎಸ್‌ಪಿಬಿ ವಾಯ್ಸ್ ರೀ, ಗವಾಯಿಗಳದ್ದಲ್ಲ" ಅಂದ. ಆಯಿ ತಿರುಗಿ ನೋಡಿದಳು.

"ಯಾರ ಹೇಳಿದ್ದು? ಅದು ಗವಾಯಿಗೋಳ ದನಿನ ಐತಿ."

"ಅವರು ನಲವತ್ನಾಲ್ಕರಾಗ ತೀರಿಕೊಂಡಾರ ಆಯಿ."

"ತೀರಿಕೊಂಡ್ರ ದನಿ ಹೋಗತೈತೇನ?"

ಹುಡುಗ ನನ್ನ ಕಡೆ ನೋಡಿದ, ನಾನು ಬಾಳೆಹಣ್ಣಿನ ಕಡೆ ನೋಡಿದೆ. ಆದರೆ ದೋಸ್ತ, ಯೋಚನೆ ಮಾಡು. ಆ ಕೋಣೆಯಲ್ಲಿ ಯಾರೂ ಗವಾಯಿಗಳ ಹಾಡು ಕೇಳಿದವರಲ್ಲ. ಆಯಿಯೂ ಕೇಳಿಲ್ಲ, ಅವಳು ಆಗಿನ್ನೂ ಹುಟ್ಟೇ ಇರಲಿಲ್ಲ. ನಮಗೆಲ್ಲ ಅವರ ಗಂಟಲು ಅಂದರೆ ಎಸ್‌ಪಿಬಿ ಗಂಟಲೇ. ಆಯಿ ಪುಟ್ಟರಾಜ ಅಜ್ಜಾರನ್ನು ಮಾತ್ರ ಕಣ್ಣಾರೆ ನೋಡಿದ್ದಾಳೆ. ಅವರ ತುಲಾಭಾರದ ತಕ್ಕಡಿಗೆ ಇವಳೂ ಒಂದು ರೂಪಾಯಿ ನಾಣ್ಯ ಹಾಕಿದ್ದಾಳಂತೆ. "ಆ ರೊಕ್ಕದಾಗ ಕಣ್ಣಿಲ್ಲದ ಹುಡುಗ್ರು ಉಂಡಾವು" ಅಂತ ಪ್ರತಿ ಸಲ ಹೇಳುತ್ತಾಳೆ. ಒಂದು ರೂಪಾಯಿಗೆ ಇಷ್ಟು ವರ್ಷ ಬಡ್ಡಿ ತಿನ್ನುವವಳು ಅವಳೊಬ್ಬಳೇ.

ನಡುವೆ ನಿನ್ನ ಹಳೇ ಹಾಡು ನೆನಪಾಯಿತು. ಬೀಳಗಿಯ ಅಮೀರಬಾಯಿ ಮೇಲೆ ಯಾರಾದರೂ ಹಿಂಗ ಒಂದು ಸಿನಿಮಾ ಮಾಡಬೇಕಲೇ ಅಂತ ನೀನು ಮೂರನೇ ಗ್ಲಾಸಿನ ನಂತರ ಯಾವಾಗಲೂ ಹೇಳುತ್ತೀಯ. ಸರಿಯೇ. 1943ರ 'ಕಿಸ್ಮತ್' ಹಾಡುಗಳಿಂದ ಇಡೀ ದೇಶಕ್ಕೆ ಗೊತ್ತಾದವಳು, ಅಕ್ಕ ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ. ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸೂ ಇಲ್ಲ ಆ ಊರು. ಬೀಳಗಿಯಲ್ಲಿ ಇಳಿದು ಆ ಹೆಸರು ಕೇಳಿದರೆ ಎಷ್ಟು ಜನ ಮನೆ ತೋರಿಸುತ್ತಾರೆ ಅಂತ ಒಮ್ಮೆ ನೋಡಬೇಕು. ಮಾಡುವವರು ಮಾಡಲಿ. ಊದಿನಕಡ್ಡಿ ಆಯಿ ತರುತ್ತಾಳೆ.

ಇಲ್ಲಿವರೆಗೂ ಎಲ್ಲ ಚೆನ್ನಾಗಿತ್ತು. ಪತ್ರ ಇಲ್ಲಿಗೇ ಮುಗಿಸಬೇಕು ಅಂತಲೇ ಕೂತಿದ್ದೆ. ನಿಜ.

ಮಗಳು ಕೇಳಿದಳು: "ಅಪ್ಪಾ, ಸಿನಿಮಾದಲ್ಲಿ ಕಣ್ಣು ಕಾಣದವರ ಪಾತ್ರ ಅಂದ್ರೆ ಎಲ್ಲರೂ ಯಾಕೆ ಮೇಲೆ ನೋಡ್ತಾರೆ? ನಿಜವಾಗ್ಲೂ ಹಾಗಿರ್ತಾರಾ?"

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಹೇಳಿದಳು: "ನಿಮ್ಮ ಅಪ್ಪನ್ನ ಕೇಳು. ಅವಗ ಕಲಸಾಕ ಬರತಿದ್ರಲ್ಲ ಪೇಟಿ ಮಾಸ್ತರು."

ನನ್ನ ಹಾರ್ಮೋನಿಯಂ ಮಾಸ್ತರು, ನೀನು ಅವರನ್ನು ನೋಡಿದ್ದೀಯ. ಹಳೇ ಊರಿನ ನಮ್ಮ ಮಾಳಿಗೆ ಮನೆ, ಪಡಸಾಲೆಯ ಎಡಗಂಬ, ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮುಖ ಮೇಲೆ ಇರುತ್ತಿರಲಿಲ್ಲ. ಸ್ವಲ್ಪ ಓರೆ, ಬಾಗಿಲ ಕಡೆ. ಬೀದಿಯಲ್ಲಿ ಹೋಗುವವರ ಚಪ್ಪಲಿ ಸಪ್ಪಳ ಕೇಳಿ ಇಂಥವರು ಹೋದರು ಅನ್ನುತ್ತಿದ್ದರು. ನೀನು ಬಂದರೆ ಹೊಸ್ತಿಲಲ್ಲೇ "ಬಂದ ನೋಡು ನಿನ್ನ ಜೋಡಿದಾರ" ಅನ್ನುತ್ತಿದ್ದರು. ಗದಗಿನ ಆಶ್ರಮದಲ್ಲಿ ಕಲಿತವರು. ಅವ್ವ ಈ ಸಿನಿಮಾ ಟಾಕೀಸಿನಲ್ಲಿ ನೋಡಿ ಬಂದು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಬೆಂಡೋಲೆ ಅಡವಿಟ್ಟು ಹಳೇ ಪೇಟಿ ತಂದಳು, ಹುಡುಕಿ ಹುಡುಕಿ ಈ ಮಾಸ್ತರನ್ನು ಗೊತ್ತು ಮಾಡಿದಳು. ಸಿನಿಮಾ ನೋಡಿ ಎಲ್ಲರೂ ಅತ್ತರು, ಅವ್ವ ಮಗನ ಮೇಲೆ ಪ್ರಯೋಗ ಮಾಡಿದಳು. ವಾರಕ್ಕೆ ಐದು ದಿನ, ಸೋಮವಾರದಿಂದ ಶುಕ್ರವಾರ, ಸಂಜೆ ಆರರಿಂದ ಏಳು. ತಿಂಗಳಿಗೆ ಐವತ್ತು ರೂಪಾಯಿ.

"ಒಳ್ಳೇವ್ರ ಇದ್ರು" ಅಂದಳು ಅವ್ವ ಭಾನುವಾರ, ಎಲ್ಲರ ಮುಂದೆ. "ಕಲಿಸೂದು ಛಲೋ ಇತ್ತು. ಆದ್ರ ರೊಕ್ಕದಾಗ ಖರೇ ಇರಲಿಲ್ಲ. ಐವತ್ತು ಪೂರಾ ತಗೊಂಡು ಶುಕ್ರವಾರ ಬರೂದು ಬಿಟ್ರು. ವರ್ಷದ ಮ್ಯಾಲ ನಡಸಿದೆ, ಆಮ್ಯಾಲ ನಾನ ಬಿಡಿಸಿದೆ. ಎಂಥಾ ಆಶ್ರಮದಾಗ ಕಲತು ಹಿಂಗ ಮಾಡಿದ್ರಲ್ಲ ಅಂತ ಭಾಳ ಬ್ಯಾಸರ ಆತು."

ಆಯಿ ಲೊಚಗುಟ್ಟಿದಳು. ಅಷ್ಟರಲ್ಲಿ ಜಾಹೀರಾತು ಬಂತು. ಚಿನ್ನದ ಮೇಲೆ ಸಾಲ ಕೊಡುವವರದ್ದು.

ಜಾಹೀರಾತಿನ ಹೊತ್ತಲ್ಲಿ ಹಾಲಿನವ ಕೇಳಿದ: ಕಣ್ಣಿಲ್ಲದವರಿಗೆ ರೊಕ್ಕ ಎಷ್ಟು ಕೊಟ್ಟರು ಅಂತ ಹೆಂಗ ಗೊತ್ತಾಗತೈತ್ರಿ? ಅವನ ಲೆಕ್ಕ ಇನ್ನೂ ಬಾಕಿ ಇತ್ತಲ್ಲ, ತಲೆಯಲ್ಲಿ ಅದೇ. ಕಾಕಾ ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವರು. ಇಂಥ ಪ್ರಶ್ನೆಗೇ ಕಾಯುತ್ತಿರುತ್ತಾರೆ.

"ನನಗಿಂತ ಜಲ್ದಿ ಎಣಸತಿದ್ರಪಾ" ಅಂದರು. "ಹಳೇ ನೋಟು ಒಂದೊಂದು ಒಂದೊಂದು ಅಳತಿ ಇದ್ವು. ಬೆರಳಿನ ಸಂದ್ಯಾಗ ಹಿಡದು ಅಳೀತಿದ್ರು. ಹತ್ತಕ್ಕ ಒಂದ ಮಡಿಕಿ, ಐವತ್ತಕ್ಕ ಎರಡು. ಒಮ್ಮೆ ಒಬ್ಬರಿಗೆ ನಾನ ಒಂದ ನೋಟು ಕಡಿಮಿ ಕೊಟ್ಟೆ. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಕೈ ಹಂಗ ಮುಂದ ಹಿಡದು ನಿಂತಿದ್ರು."

ಹಾಲಿನವ "ಹೌದ್ರ್ಯಾ?" ಅಂದ. ಸಿನಿಮಾ ಮತ್ತೆ ಶುರುವಾಯಿತು. ನಾನು ಮುಂದಿನದ್ದು ಏನೂ ನೋಡಲಿಲ್ಲ.

ಹೇಳಲೋ ಬೇಡವೋ ಅಂತ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಅವ್ವ ಐವತ್ತು ರೂಪಾಯಿಯನ್ನು ಹತ್ತರ ಐದು ನೋಟು ಮಾಡಿ ನನ್ನ ಕೈಯಲ್ಲಿ ಕೊಡುತ್ತಿದ್ದಳು, ಗುರುಗಳಿಗೆ ಶಿಷ್ಯನೇ ಕೊಡಬೇಕು ಅಂತ. ಮೂರನೆಯ ತಿಂಗಳಿಂದ ನಾನು ನಾಲ್ಕು ಕೊಟ್ಟೆ. ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಎಂಟನೇ ಇಯತ್ತೆಯವನ ಬುದ್ಧಿ ಅನ್ನು, ಏನಾದರೂ ಅನ್ನು. ಅವರು ಒಂದೊಂದೇ ನೋಟು ತೆಗೆದುಕೊಂಡು, ತೋರುಬೆರಳು ಮತ್ತು ನಡುಬೆರಳಿನ ನಡುವೆ ಉದ್ದಕ್ಕೆ ಎಳೆದು, ಒಂದು ಮಡಿಕೆ ಮಡಚಿ, ಅಂಗಿಯ ಒಳಜೇಬಿಗೆ ಇಡುತ್ತಿದ್ದರು. ಆ ಸಂಜೆ ನಾಲ್ಕನೆಯದು ಜೇಬಿಗೆ ಹೋದ ಮೇಲೂ ಕೈ ಮತ್ತೆ ಮುಂದೆ ಬಂತು. ಹಾಗೇ ತೆರೆದು ನಿಂತಿತು. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಶೀರ್ವಾದ ಮಾಡಲು ಕೈ ಚಾಚಿದ್ದಾರೆ ಅಂದುಕೊಂಡು ಬಗ್ಗಿ ಕಾಲು ಮುಟ್ಟಿದೆ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಬಂದು ನನ್ನ ತಲೆ ಮೇಲೆ ಕೂತಿತು.

ಇದನ್ನು ನಾನು ಇಷ್ಟು ವರ್ಷ ಒಳ್ಳೆಯ ನೆನಪು ಅಂತ ಇಟ್ಟುಕೊಂಡಿದ್ದೆ ಕಣೋ. ಎರಡು ಸಲ ಭಾಷಣದಲ್ಲೂ ಹೇಳಿದ್ದೇನೆ, ಶಿಕ್ಷಕರ ದಿನಕ್ಕೆ. ನೋಟಿನ ಭಾಗ ಬಿಟ್ಟು.

ಮರುತಿಂಗಳೂ ನಾಲ್ಕೇ ಕೊಟ್ಟೆ. ಆ ಸಲ ಕೈ ಮುಂದೆ ಬರಲಿಲ್ಲ. ನಾಲ್ಕನೆಯದನ್ನು ಮಡಚಿ ಜೇಬಿಗಿಟ್ಟು, ಪೇಟಿಯ ಮೇಲೆ ಬೆರಳು ಆಡಿಸಿ, "ಇನ್ನ ಶುಕ್ರವಾರ ಬ್ಯಾಡ ತಮ್ಮಾ" ಅಂದರು. ಬೇರೆ ಏನೂ ಹೇಳಲಿಲ್ಲ. ನನಗೆ ಹಬ್ಬ. ಶುಕ್ರವಾರ ಅಂದರೆ ಹೊಸ ಸಿನಿಮಾ. ಜೇಬಿನಲ್ಲಿ ಹತ್ತು ರೂಪಾಯಿ, ಸಂಜೆ ಖಾಲಿ, ನಿಮ್ಮ ಮನೆಯಲ್ಲಿ ಗಣಿತ ಅಂತ ನಮ್ಮ ಅವ್ವನಿಗೆ, ನಮ್ಮ ಮನೆಯಲ್ಲಿ ಇಂಗ್ಲಿಷ್ ಅಂತ ನಿಮ್ಮ ಅಪ್ಪನಿಗೆ. ದೇವರೇ ಹೊಂದಿಸಿ ಕೊಟ್ಟ ಹಾಗಿತ್ತು.

ದೇವರಲ್ಲ. ಐವತ್ತಕ್ಕೆ ಐದು ದಿನ, ನಲವತ್ತಕ್ಕೆ ನಾಲ್ಕು ದಿನ. ಅಷ್ಟೇ ಲೆಕ್ಕ. ಚಿನ್ನದ ಸಾಲದ ಜಾಹೀರಾತಿನ ಹೊತ್ತಿಗೆ ನನಗಿದು ಹೊಳೆಯಿತು. ಇಷ್ಟು ಸಣ್ಣ ಲೆಕ್ಕ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ನಿಮ್ಮ ಮನೆಯಲ್ಲಿ ಕಲಿತ ಗಣಿತ.

ಇನ್ನೊಂದಿದೆ. ಅದನ್ನು ಬರೆಯಬಾರದು ಅಂದುಕೊಂಡಿದ್ದೆ. ಒಂದು ಸಂಜೆ ಅವ್ವ ಅವರನ್ನು ನೇರ ಕೇಳಿದ್ದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ, ನೀರಿನ ಲೋಟ ಹಿಡಿದು. "ಯಾಕ್ರಿ ಮಾಸ್ತರ, ಶುಕ್ರವಾರ ಬರೂದ ಬಿಟ್ರಿ, ನಾವು ಕೊಡೂದೇನರ ಕಡಿಮಿ ಆತೇನು?" ನನ್ನ ಕಾಲು ನೆಲಕ್ಕೆ ಅಂಟಿತ್ತು. ಅವರು ಮುಖ ಓರೆ ಮಾಡಿದರು. ಬೀದಿ ಬಾಗಿಲ ಕಡೆಗಲ್ಲ, ಒಳಗೆ, ನಾನು ನಿಂತ ಕಡೆಗೆ. ಸಪ್ಪಳ ಮಾಡಿರಲಿಲ್ಲ ನಾನು. ಆದರೂ ಅವರಿಗೆ ಗೊತ್ತಿತ್ತು.

"ಕಡಿಮಿ ಏನಿಲ್ರಿ ತಾಯಿ. ಹೊಂದಿಸ್ಕೊಂಡೀನಿ."

ಅವ್ವ ಅದನ್ನು ಸೊಕ್ಕಿನ ಮಾತು ಅಂದುಕೊಂಡಳು. ಆವತ್ತೇ ಅವಳ ಮನಸ್ಸು ಮುರಿದಿದ್ದು. ನನಗೆ ಆಗ ಗೆದ್ದೆ ಅನ್ನಿಸಿತ್ತು. ಮುದುಕರಿಗೆ ಏನೂ ಗೊತ್ತಾಗಿಲ್ಲ, ಅವ್ವನಿಗೂ ಗೊತ್ತಾಗಿಲ್ಲ. ಲೋಟದ ನೀರು ನಾನೇ ಕುಡಿದೆ.

ಹತ್ತು ರೂಪಾಯಿ ದೊಡ್ಡದಲ್ಲ ದೋಸ್ತ. ಕದ್ದೆ, ತಿಂದೆವು, ಮುಗಿಯಿತು. ಆದರೆ ನಮ್ಮ ಮನೆಯಲ್ಲಿ ಅವರ ಹೆಸರು ಇವತ್ತಿಗೂ "ರೊಕ್ಕದಾಗ ಖರೇ ಇರಲಾರದ ಮಾಸ್ತರು" ಅಂತಲೇ ಇದೆ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಿತು, ಮಾಳಿಗೆ ಮನೆಯ ಕಂಬ, ತೊಲೆ ಕಿತ್ತು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಇಲ್ಲಿಗೆ ಬಂದೆವು. ಅರ್ಧ ಸಾಮಾನು ದಾರಿಯಲ್ಲೇ ಹೋಯಿತು, ಈ ಮಾತು ಮಾತ್ರ ಹೋಗಲಿಲ್ಲ. ಹಳೇ ಊರಿನಲ್ಲಿ ಅವರದ್ದು ಬಾಡಿಗೆ ಕೋಣೆ. ಎಲ್ಲರೂ ಒಂದೊಂದು ಸೆಕ್ಟರಿಗೆ ಚದುರಿದಾಗ ಅವರು ಎಲ್ಲಿ ಹೋದರು ಅಂತ ನಾನು ಕೇಳಲೂ ಇಲ್ಲ. ಭಾನುವಾರ ಕೋಣೆ ತುಂಬ ಜನ ಇದ್ದರು. ಪಂಚಾಕ್ಷರಿ ಗವಾಯಿಗಳ ಕಷ್ಟ ನೋಡಿ ಆಯಿ ಅತ್ತಳು, ಸೊಸೆಯರು ಅತ್ತರು, ಹಾಲಿನವನೂ ಟವೆಲ್ ತೆಗೆದ. ನಾನೂ ಅತ್ತೆ, ನಿಜ ಹೇಳುತ್ತೇನೆ, ಜಾಹೀರಾತಿಗೆ ಮೊದಲು ಚೆನ್ನಾಗಿಯೇ ಅತ್ತಿದ್ದೆ. ಆಮೇಲೆ ಅವ್ವ ಮಾಸ್ತರ ಬಗ್ಗೆ ಇನ್ನೊಂದು ಸಲ ಹೇಳಿದಾಗ ಬಾಯಿ ತೆಗೆದು "ಅವ್ವಾ, ಅದು ಹಾಗಲ್ಲ" ಅನ್ನಬೇಕಿತ್ತು. ನಾನು "ಚಹಾ ಯಾರಿಗೆ ಸಕ್ಕರೆ ಇಲ್ಲದ್ದು?" ಅಂದೆ.

ಸೋಮವಾರ ಪ್ರಯತ್ನ ಮಾಡಿದೆ. ಅವ್ವ ಮೆಂತ್ಯ ಸೋಸುತ್ತಾ ಕೂತಿದ್ದಳು. "ಅವ್ವಾ, ಆ ಮಾಸ್ತರು..." ಅಂದೆ. "ಯಾವ ಮಾಸ್ತರು?" ಅಂತ ತಲೆ ಎತ್ತಿದಳು. ಕನ್ನಡಕದ ಒಂದು ಕಿವಿಕಡ್ಡಿಗೆ ದಾರ ಕಟ್ಟಿದ್ದಾಳೆ, ಹೊಸದು ಕೊಡಿಸು ಅಂತ ಎರಡು ತಿಂಗಳಿಂದ ಕೇಳುತ್ತಿದ್ದಾಳೆ. ನಾನು "ಕರೆಂಟ್ ಬಿಲ್ಲಿನವ ಬಂದಿದ್ದನಾ?" ಅಂದೆ. ಬಂದಿದ್ದನಂತೆ. 1,140 ರೂಪಾಯಿ.

ಅವ್ವನಿಗೆ ಹೇಳಲಾಗದ್ದನ್ನು ಊರಿಗೆಲ್ಲ ಹೇಳುತ್ತಿದ್ದೀಯಲ್ಲ ಅಂತ ನೀನು ಬೈಯುತ್ತೀಯ. ಬೈ. ಅವ್ವ ಮೊಬೈಲಿನಲ್ಲಿ ಬರೀ ಪ್ರವಚನ ಕೇಳುತ್ತಾಳೆ, ಇದನ್ನು ಓದಲ್ಲ ಅಂತ ಲೆಕ್ಕ ಹಾಕಿಯೇ ಬರೆದಿದ್ದೇನೆ. ಓದುತ್ತಾಳೆ ಅಂತ ಗೊತ್ತಿದ್ದರೆ ಬಾಳೆಹಣ್ಣಿನ ಊದಿನಕಡ್ಡಿಗೇ ಪತ್ರ ನಿಲ್ಲುತ್ತಿತ್ತು. ನಾನು ಎಂಥ ಶೂರ ಅಂತ ನಿನಗೆ ಗೊತ್ತಲ್ಲ.

ನಿನಗೆ ಬನಶಂಕರಿ ಜಾತ್ರೆಯ ಆ ರಾತ್ರಿ ನೆನಪಿದೆಯಾ? ಊರು ಬಿಟ್ಟ ಮೇಲಿನ ಮಾತು. ನಾಟಕದ ಎರಡನೇ ಆಟಕ್ಕೆ ಹೋಗಿದ್ದೆವು, ನಿನ್ನಿಂದಾಗಿ ಆಟ ಶುರುವಾಗುವ ಮೂರನೇ ಬೆಲ್ ಆಗಿಹೋಗಿತ್ತು, ಕತ್ತಲಲ್ಲಿ ತಡವರಿಸಿ ಮುಂದಿನ ಸಾಲಿಗೆ ಬಂದು ಕೂತೆವು. ರಂಗದ ಕೆಳಗೆ ಪೇಟಿ, ತಬಲಾ. ಪೇಟಿಯ ಮುಂದೆ ಅವರು ಕೂತಿದ್ದರು. ಕೂದಲು ಬೆಳ್ಳಗಾಗಿತ್ತು, ಮುಖ ಅದೇ ಓರೆ. ನಾನು ತಟ್ಟನೆ ಬಗ್ಗಿ ನಿನ್ನ ಬೆನ್ನ ಹಿಂದೆ ಅಡಗಿದೆ. "ಯಾಕಲೇ?" ಅಂದಿ. "ಚಪ್ಪಲಿ ಹುಡುಕಾಕತ್ತೀನಿ" ಅಂದೆ. ಕಣ್ಣು ಕಾಣದವರಿಂದ ಮುಖ ಮುಚ್ಚಿಕೊಂಡು ನಾಟಕ ನೋಡಿದವ ಬಾಗಲಕೋಟೆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನೀನು ಜೋರಾಗಿ ನಕ್ಕೆ. ಅವರ ಕೈ ಪೇಟಿಯ ಮೇಲೆ ಒಂದು ಗಳಿಗೆ ನಿಂತಿತು. ನಿನ್ನ ನಗು ಅವರಿಗೆ ಗೊತ್ತಿತ್ತಲ್ಲ.

ಸರಿ, ಸಾಕು. ಬಹಳ ಆಯಿತು. ಇಷ್ಟು ಬರೆಯುವ ಉದ್ದೇಶ ಇರಲಿಲ್ಲ. ಸಿನಿಮಾ ಚೆನ್ನಾಗಿತ್ತು ಅಂತ ನಾಲ್ಕು ಸಾಲು ಬರೆದು ನಿನ್ನನ್ನು ಎರಡು ಸಾಲು ಬೈದು ಮುಗಿಸೋಣ ಅಂತಿದ್ದೆ. ಈಗ ವ್ಯವಹಾರಕ್ಕೆ ಬರೋಣ.

ಆ ಹತ್ತು ರೂಪಾಯಿ ನನ್ನ ಸ್ವಂತದ್ದು ಅಂತ ನೀನು ಇವತ್ತಿನವರೆಗೆ ನಂಬಿದ್ದೀಯ. ಅಲ್ಲ. ಕಳವಿನ ಮಾಲು. ತಿಂಗಳಿಗೆ ಹತ್ತರಂತೆ ಹದಿನಾಲ್ಕು ತಿಂಗಳು, ಒಟ್ಟು 140 ರೂಪಾಯಿ. ಟಿಕೆಟ್ಟಿನಲ್ಲಿ ಅರ್ಧ ನಿನ್ನದು. ಗಿರಮಿಟ್ಟಿನಲ್ಲಿ ಮುಕ್ಕಾಲು ನಿನ್ನದು, ಇದಕ್ಕೆ ಗಾಡಿಯವನೇ ಸಾಕ್ಷಿ. ಉದಾರ ಮನಸ್ಸಿನಿಂದ ನಿನ್ನ ಪಾಲು ಬರೀ 70 ಅಂತ ಹಿಡಿದಿದ್ದೇನೆ. ಬಡ್ಡಿ ಕಾಕಾ ಹಾಕಿ ಕೊಡುತ್ತಾರೆ, ಚಕ್ರಬಡ್ಡಿ ಅಂದರೆ ಅವರಿಗೆ ಪ್ರಾಣ. ಯಾರಿಗೆ ಕೊಡುವುದು ಅಂತ ಕೇಳಬೇಡ. ಮೊದಲು ತೆಗೆದಿಡು.

ಪೇಟಿ ಇನ್ನೂ ಇದೆ, ಅಟ್ಟದ ಮೇಲೆ. ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಇಳಿಸಿದೆ. ಇಲಿ ಒಂದು ಮೂಲೆ ಕಡಿದಿದೆ, ಗಾಳಿ ಅಲ್ಲಿಂದ ಹೋಗುತ್ತದೆ. ಎರಡನೇ ಕರಿ ಮನೆ ಒತ್ತಿದರೆ ಕೆಳಗೇ ಉಳಿಯುತ್ತದೆ, ಉಗುರು ಹಾಕಿ ಎತ್ತಬೇಕು. ಟವೆಲ್ ತುರುಕಿ ಭೂಪ ರಾಗ ಬಾರಿಸಿ ನೋಡಿದೆ. ನಂಬುತ್ತೀಯೋ ಇಲ್ಲವೋ, ಮೊದಲ ಭಾಗ, ಸ್ಥಾಯಿ, ಪೂರ್ತಿ ಬೆರಳಿಗೆ ಬಂತು, ಒಂದು ಸ್ವರ ತಪ್ಪಲಿಲ್ಲ. ಅದರ ಮುಂದಿನ ಭಾಗ, ಅಂತರಾ, ಮಾತ್ರ ಒಂದಕ್ಷರ ಬರಲಿಲ್ಲ. ಅದು ಶುಕ್ರವಾರ ಇತ್ತು ಅಂತ ಕಾಣುತ್ತದೆ.

ಹೆಂಡತಿ ಎದ್ದು ಬಂದು "ಮಧ್ಯರಾತ್ರಿ ಇದೇನು ನಾಯಿ ಅತ್ತ ಹಾಗೆ" ಅಂದಳು. ಮತ್ತೆ ಅಟ್ಟಕ್ಕೆ ಏರಿಸಿದೆ.

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಬಾ. ರಜೆ ಇಲ್ಲ ಅನ್ನಬೇಡ, ಹೋದ ವರ್ಷವೂ ಅದನ್ನೇ ಅಂದಿ. ನಾಟಕದ ಟಿಕೆಟ್ ನಿನ್ನದು, ಗಿರಮಿಟ್ಟು ನಿನ್ನದು, ಮಿರ್ಚಿ ಮಾತ್ರ ನನ್ನದು. ಎರಡನೇ ಬೆಲ್ಲಿಗಾದರೂ ಒಳಗಿರು ಮಾರಾಯ. ಈ ಸಲ ಪೇಟಿಯ ಹತ್ತಿರದ ಸಾಲೇ ಹಿಡಿಯೋಣ ಅಂತಿದ್ದೇನೆ. ಧೈರ್ಯ ಸಾಲದಿದ್ದರೆ ಮೂರನೇ ಸಾಲು.

ನಿನ್ನ,
ಬೇಸೂರ

ತಾ.ಕ.: ಕುದುರೆಯ ವಿಷಯ ಎತ್ತಲಿಲ್ಲ, ನೋಡಿದೆಯಾ. ಉತ್ತರ ಬರದಿದ್ದರೆ ಮುಂದಿನ ಪತ್ರದಲ್ಲಿ ಎತ್ತುತ್ತೇನೆ, ಟಾಂಗಾದವನ ಹೇಳಿಕೆಯ ಸಮೇತ.